ನ್ಯಾಯಾಜ್ಞೆಯ ಎಲ್ಲೆ

ಕನ್ನಡ ನಾಡಿನ ದಾನಶಾಸನಗಳ ಪರಿಚಯವುಳ್ಳವರು ಬಲ್ಲ ಸಂಗತಿಯೊಂದುಂಟು. ಕೊಡುವವನು ಚಕ್ರವರ್ತಿಯೇ ಆಗಿದ್ದರೂ, ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಹೇಳುವುದು ಶಾಸನದ ಮರ್ಯಾದೆ. ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಮರ, ಬಡಗಲಿಗೆ ಕೆರೆಯ ಏರಿ ಎಂದು ಗುರುತಿಸಿದ ಮೇಲೆಯೇ ಆಜ್ಞೆಯು ಊರ್ಜಿತವಾಗುವುದು. ದೊರೆಯ ಮಾತಿಗೆ ಬಲವಿರುವುದು ಎಷ್ಟು ನಿಜವೋ, ಆ ಬಲವು ಎಲ್ಲಿಯವರೆಗೆ ಎಂಬುದು ಗೊತ್ತಿರಬೇಕಾದುದೂ ಅಷ್ಟೇ ನಿಜವೆಂದು ಆ ಕಾಲದವರು ತಿಳಿದಿದ್ದರು. ಆದರೆ ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಲೋಕದ ಬೇರೆ ಬೇರೆ ನ್ಯಾಯಾಲಯಗಳಿಂದ ಹೊರಟಿರುವ ಒಂದು ಬಗೆಯ ಆಜ್ಞೆಗಳಿಗೆ ಚತುಸ್ಸೀಮೆಯೇ ಇಲ್ಲ. ಒಂದು ದೇಶದ ನ್ಯಾಯಾಲಯವು ತನ್ನ ಪೀಠದಲ್ಲಿ ಕುಳಿತು, ಅಂತರಜಾಲದಲ್ಲಿರುವ ಒಂದು ಬರಹವನ್ನು ಭೂಮಂಡಲದಲ್ಲಿ ಯಾರೂ ಓದಕೂಡದೆಂದು ವಿಧಿಸುತ್ತದೆ. ಈ ಪದ್ಧತಿಯು ನ್ಯಾಯಕ್ಕೂ ವಿವೇಕಕ್ಕೂ ವಿರುದ್ಧವಾದುದೆಂದು ಸ್ಪಷ್ಟವಾಗಿ ಹೇಳಬೇಕಾದ ಕಾಲವು ಬಂದಿದೆ.

ಅಕ್ರಮವಾದ ಬರಹವನ್ನು ತಡೆಯುವ ಅಧಿಕಾರವು ನ್ಯಾಯಾಲಯಕ್ಕೆ ಇರಕೂಡದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸುಳ್ಳು ದೂಷಣೆಯಿಂದ ಮಾನ ಕಳೆದುಕೊಂಡವನು ನ್ಯಾಯಾಲಯವನ್ನಲ್ಲದೆ ಇನ್ನಾರನ್ನು ಮೊರೆಹೋಗಬೇಕು? ಪ್ರಶ್ನೆಯು ಅಧಿಕಾರದ ಇರವನ್ನು ಕುರಿತುದಲ್ಲ, ಅದರ ಹರವನ್ನು ಕುರಿತುದು. ಗೂಗಲ್, ಫೇಸ್‌ಬುಕ್, ಯೂಟ್ಯೂಬ್ ಮೊದಲಾದ ಕಂಪೆನಿಗಳು, ಓದುವವನ ಯಂತ್ರದ ಜಾಲವಿಳಾಸದಿಂದ ಅವನು ಯಾವ ದೇಶದಲ್ಲಿರುವನೆಂಬುದನ್ನು ಬಹುಮಟ್ಟಿಗೆ ತಿಳಿಯಬಲ್ಲವು. ಆದುದರಿಂದ ಒಂದು ದೇಶದ ಕಾನೂನಿಗೆ ಒಪ್ಪದ ಬರಹವನ್ನು ಆ ದೇಶದಲ್ಲಿರುವವರಿಗೆ ಮಾತ್ರ ಕಾಣದಂತೆ ಮರೆಮಾಡುವುದು ಸಾಧ್ಯ. ಇದು ಬಹುಕಾಲದಿಂದ ನಡೆದುಬಂದ ಕ್ರಮವೂ ಹೌದು. ಹೊಸ ಆಜ್ಞೆಗಳು ಇದರಿಂದ ತೃಪ್ತಿಗೊಳ್ಳದೆ, ಮರೆಮಾಡಿದರೆ ಸಾಲದು, ಸರ್ವತ್ರ ಅಳಿಸಬೇಕು ಎನ್ನುತ್ತವೆ.

ಇವುಗಳಲ್ಲಿ ಹೆಚ್ಚು ಹೆಸರಾದುದು ಕೆನಡಾ ದೇಶದ ವ್ಯಾಜ್ಯ. ಅಲ್ಲಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಈಕ್ವಸ್ಟೆಕ್ ಎಂಬ ಸಣ್ಣ ಕಂಪೆನಿಯು ಯಂತ್ರೋಪಕರಣಗಳನ್ನು ತಯಾರಿಸುತ್ತಿತ್ತು. ಅದರ ಮಾಲನ್ನು ಮಾರುತ್ತಿದ್ದ ಡೇಟಾಲಿಂಕ್ ಎಂಬ ಇನ್ನೊಂದು ಕಂಪೆನಿಯು ಆ ಮಾಲಿಗೆ ತನ್ನ ಹೆಸರನ್ನು ಹಚ್ಚಿ ಮಾರಿತೆಂದೂ, ಅದರ ವ್ಯಾಪಾರ ರಹಸ್ಯಗಳನ್ನು ಕದ್ದು ಪ್ರತಿಸ್ಪರ್ಧಿ ಉಪಕರಣವನ್ನು ಮಾಡಿತೆಂದೂ ಮೊಕದ್ದಮೆ. ಪ್ರತಿವಾದಿಯು ನ್ಯಾಯಾಲಯದ ಆಜ್ಞೆಗಳನ್ನು ಮೀರಿ, ಪ್ರಾಂತವನ್ನೇ ಬಿಟ್ಟು ಹೋಗಿ, ಅಂತರಜಾಲದ ಮೂಲಕ ವ್ಯಾಪಾರವನ್ನು ಮುಂದುವರಿಸಿದನು. ಗೂಗಲ್ ಕಂಪೆನಿಯು ೩೪೫ ಪುಟಗಳನ್ನು ತನ್ನ ಕೆನಡಾದ ಶೋಧಪಟ್ಟಿಯಿಂದ ತೆಗೆದುಹಾಕಿತು. ಅದು ಸಾಲದೆಂದು ೨೦೧೪ರಲ್ಲಿ ಪ್ರಾಂತದ ನ್ಯಾಯಾಲಯವು, ಲೋಕದ ಯಾವ ಶೋಧಪಟ್ಟಿಯಲ್ಲಿಯೂ ಅವು ಕಾಣಕೂಡದೆಂದು ವಿಧಿಸಿತು. ೨೦೧೭ರ ಜೂನ್ ೨೮ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯವು ಏಳು ಮಂದಿ ನ್ಯಾಯಾಧೀಶರ ಬಹುಮತದಿಂದ ಇದನ್ನು ಎತ್ತಿಹಿಡಿಯಿತು. ಇಬ್ಬರು ಭಿನ್ನಮತವನ್ನು ಬರೆದರು. ಆಮೇಲೆ ನಡೆದುದನ್ನು ಗಮನಿಸಬೇಕು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಫೆಡರಲ್ ನ್ಯಾಯಾಲಯವು, ಆ ಆಜ್ಞೆಯು ಅಮೆರಿಕದ ಕಾನೂನಿಗೆ ವಿರುದ್ಧವಾದುದರಿಂದ ಅದನ್ನು ಆ ದೇಶದಲ್ಲಿ ಜಾರಿಗೆ ತರಕೂಡದೆಂದು ತಡೆಯಾಜ್ಞೆಯನ್ನು ಕೊಟ್ಟಿತು. ೨೦೧೮ರಲ್ಲಿ ಗೂಗಲ್ ಕಂಪೆನಿಯು ಈ ತೀರ್ಪನ್ನು ಹಿಡಿದುಕೊಂಡು ಬ್ರಿಟಿಷ್ ಕೊಲಂಬಿಯಾಕ್ಕೆ ಹೋದಾಗ, ಅಲ್ಲಿಯ ನ್ಯಾಯಾಲಯವು ತನ್ನ ಆಜ್ಞೆಯನ್ನು ಬದಲಿಸಲು ಒಪ್ಪಲಿಲ್ಲ. ಒಂದೇ ಪುಟದ ವಿಷಯದಲ್ಲಿ ಒಂದು ದೇಶವು ಅಳಿಸೆಂದಿತು. ಇನ್ನೊಂದು ದೇಶವು ಅಳಿಸಬೇಕಾಗಿಲ್ಲವೆಂದಿತು. ಪರರಾಜ್ಯದ ನ್ಯಾಯವನ್ನು ಗೌರವಿಸುವ ಮರ್ಯಾದೆಯು ಎರಡು ಕಡೆಯಲ್ಲಿಯೂ ಕೆಟ್ಟಿತು.

ಭಾರತವೂ ಈ ದಾರಿಯನ್ನು ಹಿಡಿದಿದೆ. ಸ್ವಾಮಿ ರಾಮದೇವರನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಗ್ರಂಥದ ಕೆಲವು ಭಾಗಗಳು ಮಾನಹಾನಿಕರವೆಂಬ ಕಾರಣದಿಂದ, ಅವುಗಳನ್ನು ತೆಗೆಯದೆ ಗ್ರಂಥವನ್ನು ಪ್ರಕಟಿಸಕೂಡದೆಂದು ದೆಹಲಿಯ ಹೈಕೋರ್ಟು ೨೦೧೮ರಲ್ಲಿ ತಡೆದಿತ್ತು. ಆ ಭಾಗಗಳ ಸಾರವನ್ನು ಹೇಳುವ ವೀಡಿಯೊಗಳು ಅಂತರಜಾಲದಲ್ಲಿ ಹರಡಿದುವೆಂದು ಮತ್ತೊಂದು ದಾವೆಯು ಹೂಡಲ್ಪಟ್ಟಿತು. ಫೇಸ್‌ಬುಕ್, ಗೂಗಲ್, ಟ್ವಿಟರ್ ಕಂಪೆನಿಗಳು ಭಾರತದಲ್ಲಿ ಅವನ್ನು ಮರೆಮಾಡಲು ಆಕ್ಷೇಪಿಸಲಿಲ್ಲ. ಲೋಕದಲ್ಲೆಲ್ಲ ಅಳಿಸುವುದಕ್ಕೆ ಮಾತ್ರ ಆಕ್ಷೇಪಿಸಿದುವು. ೨೦೧೯ರ ಅಕ್ಟೋಬರ್ ೨೩ರಂದು ಕೊಟ್ಟ ಆಜ್ಞೆಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠವು, ಭಾರತದಿಂದ ಏರಿಸಲ್ಪಟ್ಟ ವೀಡಿಯೊಗಳನ್ನು ಜಗತ್ತಿನಾದ್ಯಂತ ತೆಗೆಯತಕ್ಕದ್ದೆಂದೂ, ಹೊರಗಿನಿಂದ ಏರಿಸಲ್ಪಟ್ಟವುಗಳನ್ನು ಭಾರತದಲ್ಲಿ ಕಾಣದಂತೆ ಮಾಡತಕ್ಕದ್ದೆಂದೂ ವಿಧಿಸಿತು. ಬರಹವು ಇಲ್ಲಿಂದ ಜಾಲದೊಳಗೆ ಹೊಕ್ಕಿತಾದುದರಿಂದ ಇಡೀ ಜಾಲದಿಂದ ಹೊರಬೀಳಬೇಕೆಂಬುದು ಪೀಠದ ತರ್ಕ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೯ನೆಯ ಪ್ರಕರಣದ ಪದಗಳನ್ನು ಅದು ಹಾಗೆ ಅರ್ಥಮಾಡಿತು. ಫೇಸ್‌ಬುಕ್ ಕಂಪೆನಿಯು ಇದರ ಮೇಲೆ ಅಪೀಲು ಮಾಡಿತು. ಗ್ರಂಥದ ಆರೋಪಗಳ ಸತ್ಯಾಸತ್ಯವು ಇಲ್ಲಿಯ ವಿಚಾರವಲ್ಲ. ಆಜ್ಞೆಯ ಹರವೊಂದೇ ವಿಚಾರ.

ಯೂರೋಪಿನ ಒಕ್ಕೂಟದ ನ್ಯಾಯಾಲಯವಂತೂ ಹತ್ತು ದಿನಗಳೊಳಗಾಗಿ ಎರಡು ಬಗೆಯಾಗಿ ನುಡಿಯಿತು. ಹಳೆಯ ಸಂಗತಿಗಳನ್ನು ಶೋಧಪಟ್ಟಿಯಿಂದ ತೆಗೆಸಿಕೊಳ್ಳುವ ಹಕ್ಕು ಜನರಿಗುಂಟೆಂದು ೨೦೧೪ರಲ್ಲಿ ಅದು ತೀರ್ಪಿತ್ತಿತ್ತು. ಈ ಹಕ್ಕು ಲೋಕವ್ಯಾಪಿಯೆಂದು ವಾದಿಸಿ ಫ್ರಾನ್ಸಿನ ಅಧಿಕಾರಮಂಡಲವು ೨೦೧೬ರಲ್ಲಿ ಗೂಗಲ್ ಕಂಪೆನಿಗೆ ಒಂದು ಲಕ್ಷ ಯೂರೋ ದಂಡವನ್ನು ಹಾಕಿತು. ೨೦೧೯ರ ಸೆಪ್ಟೆಂಬರ್ ೨೪ರಂದು ಯೂರೋಪಿನ ನ್ಯಾಯಾಲಯವು, ಒಕ್ಕೂಟದ ಕಾನೂನು ಹಾಗೆ ಲೋಕವ್ಯಾಪಿಯಾಗಿ ತೆಗೆಯಬೇಕೆಂದು ವಿಧಿಸುವುದಿಲ್ಲವೆಂದು ಹೇಳಿತು; ಆದರೆ ನಿಷೇಧಿಸುವುದೂ ಇಲ್ಲವೆಂದು ಒಂದು ಬಾಗಿಲನ್ನು ತೆರೆದಿಟ್ಟಿತು. ಅಕ್ಟೋಬರ್ ೩ರಂದು ಆಸ್ಟ್ರಿಯಾದ ಒಬ್ಬ ರಾಜಕಾರಣಿಯ ಮಾನಹಾನಿಯ ವ್ಯಾಜ್ಯದಲ್ಲಿ, ಅಂತರರಾಷ್ಟ್ರೀಯ ನ್ಯಾಯಕ್ಕೆ ಒಳಪಟ್ಟು, ಜಗದ್ವ್ಯಾಪಿಯಾದ ಆಜ್ಞೆಯನ್ನು ಕೊಡಲು ಅಡ್ಡಿಯಿಲ್ಲವೆಂದು ನುಡಿಯಿತು. ಆ ದೂಷಣೆಯ ಮಾತುಗಳಾದರೋ ರಾಜಕಾರಣಿಯನ್ನು ಜನದ್ರೋಹಿಯೆಂದೂ ಭ್ರಷ್ಟಳೆಂದೂ ಜರೆದವು. ಇಂತಹ ಮಾತು ಒಂದು ದೇಶದಲ್ಲಿ ಅಪರಾಧ, ಇನ್ನೊಂದರಲ್ಲಿ ಚುನಾವಣೆಯ ಕಾಲದ ನಿತ್ಯವ್ಯವಹಾರ.

ಈಗ ಪೂರ್ವಪಕ್ಷವನ್ನು ನ್ಯಾಯವಾಗಿ ಮುಂದಿಡತಕ್ಕದ್ದು. ಲೋಕವ್ಯಾಪಿ ಆಜ್ಞೆಯನ್ನು ಸಮರ್ಥಿಸುವವರು ಮೂಢರಲ್ಲ. ಅವರ ವಾದಗಳಲ್ಲಿ ಬಲವುಂಟು. ಮೊದಲನೆಯದು: ಅರ್ಧ ಪರಿಹಾರವು ಪರಿಹಾರವಲ್ಲ. ಇಲ್ಲಿ ಮುಚ್ಚಿದ ಬರಹವು ಅಲ್ಲಿ ತೆರೆದಿರುವುದು. ಪರದೇಶದ ಜಾಲವಿಳಾಸವನ್ನು ಬಾಡಿಗೆಗೆ ಪಡೆಯುವ ಉಪಾಯವನ್ನು ಶಾಲೆಯ ಹುಡುಗರೂ ಬಲ್ಲರು. ಹೀಗಿರುವಲ್ಲಿ ಒಂದು ದೇಶದಲ್ಲಿ ಮರೆಮಾಡಿದರೆ ಬಂದ ಪ್ರಯೋಜನವೇನು? ಎರಡನೆಯದು: ಈ ಕಂಪೆನಿಗಳು ತಮ್ಮ ಸ್ವಂತ ನಿಯಮಗಳನ್ನು ಮೀರಿದ ಬರಹವನ್ನು ದಿನವೂ ಲೋಕದಲ್ಲೆಲ್ಲ ಅಳಿಸುತ್ತಿರುತ್ತವೆ, ವರ್ತಕನ ಇಷ್ಟಕ್ಕೆ ಆಗುವ ಕೆಲಸವು ನ್ಯಾಯಾಧೀಶನ ಆಜ್ಞೆಗೆ ಏಕೆ ಆಗದು? ಮೂರನೆಯದು: ಪರದೇಶದ ಕಾನೂನಿಗೆ ನಿಜವಾಗಿ ವಿರೋಧವಾದರೆ ಕಂಪೆನಿಯು ಆಜ್ಞೆ ಕೊಟ್ಟ ನ್ಯಾಯಾಲಯಕ್ಕೇ ಬಂದು ಹೇಳಿಕೊಳ್ಳಲಿ, ಕೆನಡಾದ ಬಹುಮತವು ಹೇಳಿದುದು ಇದನ್ನೇ.

ಮೊದಲನೆಯ ವಾದಕ್ಕೆ ಉತ್ತರವೇನೆಂದರೆ, ಪರಿಹಾರದ ಪೂರ್ಣತೆಯು ಅಧಿಕಾರದ ಪ್ರಮಾಣವನ್ನು ನಿರ್ಣಯಿಸಲಾರದು. ಸಾಲಗಾರನು ಪರದೇಶಕ್ಕೆ ಓಡಿಹೋದರೆ ಸಾಲಕೊಟ್ಟವನ ಪರಿಹಾರವೂ ಅಪೂರ್ಣವೇ. ಅದಕ್ಕಾಗಿ ಧಾರವಾಡದ ಅಮೀನನು ಲಂಡನ್ನಿಗೆ ಹೋಗಿ ಅವನ ಮನೆಯನ್ನು ಜಪ್ತಿಮಾಡಲು ಯಾವ ನ್ಯಾಯಾಧೀಶನೂ ಅಪ್ಪಣೆ ಕೊಡುವುದಿಲ್ಲ; ಸಾಲಕೊಟ್ಟವನು ಡಿಕ್ರಿಯನ್ನು ಹಿಡಿದು ಅಲ್ಲಿಯ ನ್ಯಾಯಾಲಯದ ಬಾಗಿಲನ್ನು ತಟ್ಟಬೇಕು. ಭಾರತದ ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಈ ಬಾಗಿಲನ್ನು ಬಹು ಎಚ್ಚರಿಕೆಯಿಂದ ಕಟ್ಟಿದೆ. ಪರದೇಶದ ತೀರ್ಪು ಗುಣದೋಷ ವಿಚಾರಣೆಯಿಲ್ಲದೆ ಕೊಟ್ಟುದಾದರೆ, ಸಹಜನ್ಯಾಯಕ್ಕೆ ವಿರುದ್ಧವಾದರೆ, ವಂಚನೆಯಿಂದ ಪಡೆದುದಾದರೆ, ಭಾರತದ ಕಾನೂನನ್ನು ಭಂಗಪಡಿಸುವುದಾದರೆ, ಅದು ಇಲ್ಲಿ ನಿರ್ಣಾಯಕವಲ್ಲವೆಂದು ಅದರ ೧೩ನೆಯ ಪ್ರಕರಣವು ಹೇಳುತ್ತದೆ. ಅಮೆರಿಕವೂ ೨೦೧೦ರಲ್ಲಿ ಒಂದು ಕಾನೂನನ್ನು ಮಾಡಿ, ತನ್ನ ಸಂವಿಧಾನವು ಕೊಟ್ಟ ವಾಕ್‌ಸ್ವಾತಂತ್ರ್ಯದ ರಕ್ಷಣೆಗೆ ಸರಿದೂಗದ ಪರದೇಶದ ಮಾನಹಾನಿ ತೀರ್ಪುಗಳನ್ನು ತನ್ನ ನ್ಯಾಯಾಲಯಗಳು ಮನ್ನಿಸಕೂಡದೆಂದು ವಿಧಿಸಿತು. ಲೋಕವ್ಯಾಪಿ ಆಜ್ಞೆಯು ಮಾಡುವ ಅನ್ಯಾಯವು ಇಲ್ಲಿ ವ್ಯಕ್ತವಾಗುತ್ತದೆ: ಅದು ಈ ಬಾಗಿಲನ್ನು ತಟ್ಟುವುದೇ ಇಲ್ಲ. ಕಂಪೆನಿಯ ಕತ್ತನ್ನು ತನ್ನ ನೆಲದಲ್ಲಿ ಹಿಡಿದು, ಪರರ ಮನೆಯ ಕಪಾಟಿನಿಂದ ಪುಸ್ತಕವನ್ನು ತೆಗೆಸುತ್ತದೆ. ಆ ಮನೆಯವರಿಗೆ ಕೇಳುವ ಅವಕಾಶವೂ ಇಲ್ಲ, ಪುಸ್ತಕವು ಹೋಯಿತೆಂಬ ತಿಳಿವೂ ಇಲ್ಲ. ಇನ್ನು ಉಪಾಯಗಾರ ಹುಡುಗರ ಮಾತು. ಬೇಲಿಯಲ್ಲಿ ಕಂಡಿಯಿದೆಯೆಂದು ನೆರೆಯವನ ಹೊಲವನ್ನು ಸುಡುವುದು ಒಕ್ಕಲುತನವಲ್ಲ. ಬಹುಜನರಿಗೆ ಕಾಣದಂತಾದರೆ ಮಾನಕ್ಕೆ ಒದಗಿದ ಹಾನಿಯ ಬಹುಭಾಗವು ನಿಂತಿತು; ಉಳಿದ ಅಲ್ಪಕ್ಕಾಗಿ ಪರರಾಜ್ಯಗಳ ಕಾನೂನನ್ನೆಲ್ಲ ತಳ್ಳಿಹಾಕುವುದು ನೆಗಡಿಗೆ ಮೂಗನ್ನು ಕೊಯ್ದಂತೆ.

ಎರಡನೆಯ ವಾದವು ಮೇಲ್ನೋಟಕ್ಕೆ ಚೆಲುವಾದುದು, ಒಳಗೆ ಟೊಳ್ಳು. ವಾಚನಾಲಯದ ಯಜಮಾನನು ತನಗೆ ಬೇಡವಾದ ಗ್ರಂಥವನ್ನು ಇರಿಸದೆ ಹೋದರೆ ಓದುಗನು ಬೇರೊಂದು ವಾಚನಾಲಯಕ್ಕೆ ಹೋಗುವನು. ಸರ್ಕಾರವು ಆ ಗ್ರಂಥವನ್ನು ಜಪ್ತಿಮಾಡಿದರೆ ಅವನು ಎಲ್ಲಿಗೂ ಹೋಗಲಾರನು. ವರ್ತಕನ ನಿಯಮದ ಹಿಂದೆ ಇರುವುದು ಅವನ ಅಂಗಡಿ. ನ್ಯಾಯಾಧೀಶನ ಆಜ್ಞೆಯ ಹಿಂದೆ ಇರುವುದು ದಂಡ, ಸೆರೆಮನೆ, ರಾಜ್ಯದ ಸಮಸ್ತ ಬಲ. ಬಲವು ಬೇರೆಯಾದ ಮೇಲೆ ಕಟ್ಟುಪಾಡೂ ಬೇರೆಯಾಗಲೇಬೇಕು. ಈ ಕಂಪೆನಿಗಳು ಲೋಕವನ್ನೆಲ್ಲ ಆಳುವಷ್ಟು ಬೆಳೆದಿರುವುದು ಅನರ್ಥವೆಂದು ಒಪ್ಪಬಹುದು. ಆ ಅನರ್ಥಕ್ಕೆ ಮದ್ದು, ಪ್ರತಿಯೊಂದು ನ್ಯಾಯಾಲಯವೂ ಅವರ ಕೈಯನ್ನೇ ತನ್ನ ಕೈಯಾಗಿ ಮಾಡಿಕೊಂಡು ಲೋಕವನ್ನು ಆಳಲು ಹೊರಡುವುದಲ್ಲ.

ಮೂರನೆಯ ವಾದವು ವ್ಯವಹಾರಶಾಸ್ತ್ರದ ಮೂಲವನ್ನೇ ಮರೆತಿದೆ. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಧರ್ಮಶಾಸ್ತ್ರಕಾರರು ಹೇಳಿದರು: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣವನ್ನು ತೋರಿಸುವ ಕ್ರಿಯೆ, ಕೊನೆಗೆ ನಿರ್ಣಯ. ಉತ್ತರವೆಂಬ ಪಾದವಿಲ್ಲದ ವ್ಯವಹಾರವು ಕುಂಟು. ಲೋಕವ್ಯಾಪಿ ಆಜ್ಞೆಯಿಂದ ನಷ್ಟವನ್ನು ಅನುಭವಿಸುವವನು ಯಾರು? ಲಿಸ್ಬನ್ನಿನ ಓದುಗ, ನೈರೋಬಿಯ ಪತ್ರಕರ್ತ, ಟೋಕಿಯೋ ನಗರದ ವಿದ್ಯಾರ್ಥಿ. ತಮ್ಮ ದೇಶದ ಕಾನೂನಿನಂತೆ ಆ ಬರಹವನ್ನು ಓದಲು ಹಕ್ಕುಳ್ಳವರು. ಇವರಲ್ಲಿ ಒಬ್ಬರಿಗಾದರೂ ನೋಟೀಸು ಹೋಯಿತೇ? ಇವರ ಪರವಾಗಿ ಉತ್ತರವನ್ನು ಹೇಳಿದವರಾರು? ಹೇಳಿದವರು ಕಂಪೆನಿಗಳ ವಕೀಲರು. ಕಂಪೆನಿಗೆ ಲಾಭವಿದ್ದರೆ ಹೇಳುವರು, ಖರ್ಚು ಹೆಚ್ಚಾದರೆ ಸುಮ್ಮನಾಗುವರು. ಲೋಕದ ಓದುಗರ ಹಕ್ಕು ವರ್ತಕನೊಬ್ಬನ ಲೆಕ್ಕಪುಸ್ತಕಕ್ಕೆ ತಗಲಿಕೊಂಡಿರುವುದು ಸರಿಯಲ್ಲ. ಅಷ್ಟಕ್ಕೂ ಆ ಕಂಪೆನಿಯು ಕೆನಡಾಕ್ಕೆ ಮರಳಿ ಹೋಗಿ ಹೇಳಿಕೊಂಡುದರ ಫಲವೇನಾಯಿತೆಂಬುದನ್ನು ಮೇಲೆ ನೋಡಿದುದಾಯಿತು.

ಇನ್ನೊಂದು ಅಂಶವನ್ನು ಮರೆಯಬಾರದು. ಕೆನಡಾದ ಆಜ್ಞೆಯೂ ದೆಹಲಿಯ ಆಜ್ಞೆಯೂ ಮಧ್ಯಂತರದವು. ಪೂರ್ಣ ವಿಚಾರಣೆಯು ನಡೆದು ಸತ್ಯವು ನಿರ್ಣಯವಾದ ಮೇಲೆ ಕೊಟ್ಟವಲ್ಲ. ದಾವೆಯು ತೀರುವವರೆಗೆ ವಸ್ತುವನ್ನು ಇದ್ದಂತೆ ಕಾಪಾಡುವುದಕ್ಕೆ ಮಧ್ಯಂತರಾಜ್ಞೆಯೆಂಬ ಉಪಾಯವು ಹುಟ್ಟಿತು. ಆದರೆ ಮಾತಿನ ವಿಷಯದಲ್ಲಿ ಮಧ್ಯಂತರವೇ ಅಂತ್ಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವರ್ಷಗಳ ಮೇಲೆ ವಾದಿಯು ಸೋತರೂ, ಆಡಿದ ಮಾತಿನ ಕಾಲವು ಕಳೆದುಹೋಗಿರುವುದು. ಅಳಿಸಿದ ವೀಡಿಯೊವನ್ನು ಕೇಳುವವರಿರುವುದಿಲ್ಲ. ಕೆನಡಾದ ಭಿನ್ನಮತದ ನ್ಯಾಯಾಧೀಶರಿಬ್ಬರೂ, ಮಧ್ಯಂತರವೆಂದು ಹೆಸರಿದ್ದರೂ ಆ ಆಜ್ಞೆಯು ಪರಿಣಾಮದಲ್ಲಿ ಶಾಶ್ವತವೆಂಬುದನ್ನು ಎತ್ತಿ ತೋರಿಸಿದರು.

ಪರರ ಹಕ್ಕಿನ ಮಾತು ಯಾರಿಗಾದರೂ ದೂರವೆಂದು ತೋರಿದರೆ, ಅವರು ತಮ್ಮ ಹಕ್ಕಿನ ಮಾತನ್ನಾದರೂ ಕೇಳಬೇಕು. ಭಾರತಕ್ಕೆ ಉಂಟಾದ ಅಧಿಕಾರವು ಇತರ ದೇಶಗಳಿಗೆ ಇಲ್ಲವೆನ್ನಲು ಯಾವ ಆಧಾರವೂ ಇಲ್ಲ. ೨೦೦೭ರಲ್ಲಿ ತುರ್ಕಿ ದೇಶದವರು ಅತಾತುರ್ಕನನ್ನು ಅವಮಾನಿಸುವ ವೀಡಿಯೊಗಳನ್ನು ಯೂಟ್ಯೂಬಿನಿಂದ ತೆಗೆಯಬೇಕೆಂದರು. ಗೂಗಲ್ ಕಂಪೆನಿಯು ತುರ್ಕಿಯಲ್ಲಿ ಮಾತ್ರ ಮರೆಮಾಡಿದಾಗ, ಪರದೇಶದಲ್ಲಿರುವ ತುರ್ಕರ ಮನಸ್ಸಿಗೂ ನೋವಾಗುವುದೆಂದು, ಜಗತ್ತಿನಲ್ಲೆಲ್ಲ ತಡೆಯಬೇಕೆಂದು ಅಲ್ಲಿಯ ಸರ್ಕಾರಿ ವಕೀಲನು ಒತ್ತಾಯಿಸಿದನು. ಕಂಪೆನಿಯು ಒಪ್ಪಲಿಲ್ಲ, ೨೦೦೮ರಿಂದ ೨೦೧೦ರವರೆಗೆ ಯೂಟ್ಯೂಬಿಗೆ ಆ ದೇಶದಲ್ಲಿ ಬಾಗಿಲು ಮುಚ್ಚಿತು. ಥಾಯ್ಲೆಂಡಿನಲ್ಲಿ ರಾಜನಿಂದೆಗೆ ಮೂರರಿಂದ ಹದಿನೈದು ವರ್ಷಗಳ ಸೆರೆಯುಂಟು. ಅಲ್ಲಿಯ ಅರಸನನ್ನು ಟೀಕಿಸಿ ಬೆಂಗಳೂರಿನ ವಿದ್ವಾಂಸನೊಬ್ಬನು ಬರೆದ ಲೇಖನವನ್ನು ಬ್ಯಾಂಕಾಕಿನ ನ್ಯಾಯಾಲಯವು ಮೈಸೂರಿನ ಓದುಗನಿಗೆ ಕಾಣದಂತೆ ಮಾಡಬಹುದೇ? ಇನ್ನೂ ಹತ್ತಿರದ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ದೇಶದ ಎಲ್ಲೆಗಳನ್ನು ತಪ್ಪಾಗಿ ತೋರಿಸುವ ನಕ್ಷೆಯು ಭಾರತದಲ್ಲಿ ಅಪರಾಧ. ಚೀನಕ್ಕೂ ತನ್ನ ನಕ್ಷೆಯ ಕಾನೂನುಂಟು. ಅರುಣಾಚಲ ಪ್ರದೇಶವನ್ನು ಭಾರತದ ಅಂಗವೆಂದು ತೋರಿಸುವ ನಕ್ಷೆಯು ಅವರ ದೃಷ್ಟಿಯಲ್ಲಿ ತಪ್ಪು. ಆದುದರಿಂದಲೇ ಗೂಗಲಿನ ನಕ್ಷೆಯು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಗೆರೆಗಳನ್ನು ತೋರಿಸುತ್ತದೆ. ಮುಂದೆ ಬೀಜಿಂಗಿನ ನ್ಯಾಯಾಲಯವೊಂದು, ಭಾರತದ ನಕ್ಷೆಯನ್ನು ಲೋಕದಲ್ಲೆಲ್ಲ ಅಳಿಸಬೇಕೆಂದು, ಚೀನದಲ್ಲಿ ವ್ಯಾಪಾರವಿರುವ ಕಂಪೆನಿಯೊಂದಕ್ಕೆ ಆಜ್ಞಾಪಿಸಿದರೆ, ದೆಹಲಿಯ ತರ್ಕವನ್ನು ಕೊಂಡಾಡಿದವರು ಯಾವ ಮುಖದಿಂದ ಆಕ್ಷೇಪಿಸುವರು? ಎಲ್ಲ ದೇಶಗಳೂ ಈ ಅಧಿಕಾರವನ್ನು ಚಲಾಯಿಸತೊಡಗಿದರೆ, ಲೋಕದಲ್ಲಿ ಅತ್ಯಂತ ಸಂಕುಚಿತವಾದ ಕಾನೂನು ಯಾವುದೋ ಅದೇ ಸರ್ವರ ಕಾನೂನಾಗುವುದು. ಅತಿಪ್ರಸಂಗವೆಂದು ತರ್ಕಶಾಸ್ತ್ರವು ಹೇಳುವ ದೋಷಕ್ಕೆ ಇದಕ್ಕಿಂತ ಮೇಲಾದ ಉದಾಹರಣೆಯು ಸಿಕ್ಕದು.

ದೇಶದೇಶಕ್ಕೆ ಧರ್ಮವು ಬೇರೆಯೆಂಬ ವಿವೇಕವು ಪಡುವಣ ದೇಶಗಳಿಂದ ಕಲಿಯಬೇಕಾದ ಹೊಸ ಪಾಠವಲ್ಲ. ಗೆದ್ದ ರಾಜನು ಸೋತ ದೇಶದ ಆಚಾರವನ್ನೂ ವ್ಯವಹಾರವನ್ನೂ ಕುಲಸ್ಥಿತಿಯನ್ನೂ ಕೆಡಿಸದೆ ಪರಿಪಾಲಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದುದು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಗ್ರಂಥದ ಕೀರ್ತಿಯು ಭರತಖಂಡದ ಬಹುಭಾಗವನ್ನು ವ್ಯಾಪಿಸಿತು. ಆದರೂ ಬಂಗಾಳದವರು ಜೀಮೂತವಾಹನನ ದಾಯಭಾಗವನ್ನು ಹಿಡಿದರು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲುಂಟೆಂದು ಇಲ್ಲಿ, ತಂದೆಯು ತೀರಿದ ಮೇಲೆಯೇ ಎಂದು ಅಲ್ಲಿ. ಎರಡು ಮತಗಳೂ ಶತಮಾನಗಳವರೆಗೆ ತಮ್ಮ ತಮ್ಮ ನೆಲದಲ್ಲಿ ನಡೆದುವು. ಮಿತಾಕ್ಷರವೇ ಶ್ರೇಷ್ಠವೆಂದು ಕಲ್ಯಾಣದಿಂದ ಬಂಗಾಳಕ್ಕೆ ಆಜ್ಞೆ ಹೋಗಲಿಲ್ಲ. ಗ್ರಂಥವು ಹೋಯಿತು, ಒಪ್ಪಿದವರು ಒಪ್ಪಿದರು. ಒಂದು ನಾಡಿನ ನ್ಯಾಯಚಿಂತನೆಯು ಮತ್ತೊಂದು ನಾಡನ್ನು ಸೇರತಕ್ಕ ದಾರಿಯು ಇದು.

ಹಾಗಾದರೆ ಲೋಕವ್ಯಾಪಿಯಾದ ಆಜ್ಞೆಯು ಎಂದಿಗೂ ಕೂಡದೇ? ಒಂದು ಎಡೆಯುಂಟು. ೨೦೨೧ರ ಏಪ್ರಿಲಿನಲ್ಲಿ ದೆಹಲಿಯ ಹೈಕೋರ್ಟು ಒಬ್ಬ ಹೆಣ್ಣುಮಗಳ ಭಾವಚಿತ್ರಗಳನ್ನು ಅವಳ ಸಮ್ಮತಿಯಿಲ್ಲದೆ ಅಶ್ಲೀಲ ತಾಣವೊಂದರಲ್ಲಿ ಹಾಕಿದ ಪ್ರಕರಣದಲ್ಲಿ, ಅವು ಲೋಕದ ಯಾವ ಶೋಧಪಟ್ಟಿಯಲ್ಲಿಯೂ ಸಿಕ್ಕದಂತೆ ಮಾಡಬೇಕೆಂದು ವಿಧಿಸಿತು. ಇದನ್ನು ಖಂಡಿಸುವ ಹೃದಯವು ಯಾರಿಗಿದೆ? ಮಕ್ಕಳನ್ನು ಕೆಡಿಸಿ ತೆಗೆದ ಚಿತ್ರಗಳ ವಿಷಯದಲ್ಲಿಯೂ ಹಾಗೆಯೇ. ಆದರೆ ಇವು ಮೇಲಿನ ಸಿದ್ಧಾಂತಕ್ಕೆ ಅಪವಾದಗಳಲ್ಲ, ಅದರ ಫಲಗಳೇ ಆಗಿವೆ. ಇಂತಹ ಚಿತ್ರವನ್ನು ನೋಡುವ ಹಕ್ಕನ್ನು ಯಾವ ದೇಶದ ನ್ಯಾಯವು ತನ್ನ ಪ್ರಜೆಗೆ ಕೊಟ್ಟಿದೆಯೆಂದು ಹೆಮ್ಮೆಯಿಂದ ಹೇಳೀತು? ಯಾರ ಹಕ್ಕೂ ಭಂಗವಾಗದ ಕಡೆಯಲ್ಲಿ ಆಜ್ಞೆಯು ಎಷ್ಟು ದೂರ ಹೋದರೂ ಆಕ್ಷೇಪವಿಲ್ಲ. ರಾಜಕಾರಣಿಯ ಟೀಕೆ, ಮಠಾಧಿಪತಿಯ ಚರಿತ್ರೆ, ವರ್ತಕನ ವ್ಯಾಜ್ಯ, ಇವುಗಳಾದರೋ ಬೇರೆ ಜಾತಿಯವು. ಇವುಗಳ ಮೇಲೆ ಸಜ್ಜನರಲ್ಲಿಯೂ ದೇಶಗಳಲ್ಲಿಯೂ ಭಿನ್ನಾಭಿಪ್ರಾಯವುಂಟು. ಹೆಣ್ಣುಮಗಳ ಕಣ್ಣೀರನ್ನು ತೋರಿಸಿ ರಾಜಕಾರಣಿಯ ಮುನಿಸಿಗೆ ಅದೇ ಅಸ್ತ್ರವನ್ನು ಕೊಡಿಸುವವರ ವಿಷಯದಲ್ಲಿ ಎಚ್ಚರವಾಗಿರಬೇಕು.

ನ್ಯಾಯಾಧೀಶರು ತಮ್ಮ ಕೈಯನ್ನು ತಾವೇ ಹಿಡಿದುಕೊಂಡ ಉದಾಹರಣೆಯೂ ಇದೆ. ೨೦೨೪ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದ ಚರ್ಚೊಂದರಲ್ಲಿ ಪೂಜೆ ನಡೆಯುತ್ತಿರುವಾಗಲೇ ಬಿಷಪ್ಪರೊಬ್ಬರನ್ನು ಚೂರಿಯಿಂದ ಇರಿದರು. ಆ ಘೋರದೃಶ್ಯದ ವೀಡಿಯೊವನ್ನು ಎಲ್ಲರಿಂದಲೂ ಮರೆಮಾಡಬೇಕೆಂದು ಅಲ್ಲಿಯ ಅಂತರಜಾಲ ಸುರಕ್ಷತೆಯ ಅಧಿಕಾರಿಯು ಎಕ್ಸ್ ಕಂಪೆನಿಯ ಮೇಲೆ ನ್ಯಾಯಾಲಯಕ್ಕೆ ಹೋದರು; ಕಂಪೆನಿಯು ಆಸ್ಟ್ರೇಲಿಯಾದಲ್ಲಿ ಮಾತ್ರ ಮರೆಮಾಡಿತ್ತು. ಮೇ ೧೩ರಂದು ಅಲ್ಲಿಯ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಕೆನೆಟ್ ಅವರು ತಾತ್ಕಾಲಿಕ ಆಜ್ಞೆಯನ್ನು ಮುಂದುವರಿಸಲು ಒಪ್ಪಲಿಲ್ಲ. ಆಸ್ಟ್ರೇಲಿಯಾದ ಕಾನೂನು ಲೋಕದವರು ಏನನ್ನು ನೋಡಬಹುದೆಂಬುದನ್ನು ನಿರ್ಣಯಿಸತೊಡಗಿದರೆ ರಾಷ್ಟ್ರಗಳ ಪರಸ್ಪರ ಮರ್ಯಾದೆಯು ಉಳಿಯುವುದಿಲ್ಲವೆಂಬುದು ಅವರ ತೀರ್ಮಾನದ ಸಾರ. ಜೂನಿನಲ್ಲಿ ಅಧಿಕಾರಿಯು ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ವೀಡಿಯೊವು ಒಳ್ಳೆಯದೆಂದು ಆ ನ್ಯಾಯಮೂರ್ತಿಯು ಹೇಳಲಿಲ್ಲ. ತನ್ನ ಎಲ್ಲೆಯು ಎಲ್ಲಿಯದೆಂಬುದನ್ನು ಹೇಳಿದರು.

ಭಾರತದ ನ್ಯಾಯಪೀಠಗಳಿಂದಲೂ ಇಷ್ಟನ್ನು ಅಪೇಕ್ಷಿಸುವುದು ಅತಿಯಾಸೆಯಲ್ಲ. ಆಜ್ಞೆಯು ಸಾಮಾನ್ಯವಾಗಿ ದೇಶದ ಎಲ್ಲೆಯೊಳಗೆ ನಿಲ್ಲತಕ್ಕದ್ದು. ಎಲ್ಲೆಯನ್ನು ದಾಟಬೇಕೆನ್ನುವ ವಾದಿಯೇ, ಆ ಬರಹವು ಇತರ ದೇಶಗಳಲ್ಲಿಯೂ ಅಕ್ರಮವೆಂದು ತೋರಿಸಿಕೊಡತಕ್ಕದ್ದು. ಆ ಭಾರವನ್ನು ಪ್ರತಿವಾದಿಯ ತಲೆಯ ಮೇಲೆ ಹೊರಿಸಕೂಡದು. ಮಧ್ಯಂತರದಲ್ಲಿ ಇಂತಹ ಆಜ್ಞೆಯು ಹೊರಡಕೂಡದು. ಗೈರುಹಾಜರಾದ ಓದುಗರ ಪರವಾಗಿ ವಾದಿಸಲು ನ್ಯಾಯಾಲಯವೇ ಒಬ್ಬ ವಕೀಲನನ್ನು ನೇಮಿಸತಕ್ಕದ್ದು. ಏನನ್ನು ಏಕೆ ಅಳಿಸಲಾಯಿತೆಂಬುದು ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗತಕ್ಕದ್ದು.

ಒಬ್ಬನ ಮಾನವು ಅಮೂಲ್ಯ. ಅದನ್ನು ಕಾಪಾಡುವುದು ನ್ಯಾಯಾಲಯದ ಧರ್ಮ. ಆದರೆ ಅದರ ರಕ್ಷಣೆಗೆಂದು ಎತ್ತಿದ ದಂಡವು, ವ್ಯಾಜ್ಯದ ಹೆಸರನ್ನೇ ಕೇಳದ ಕೋಟ್ಯಂತರ ಜನರ ಬಾಯಿಗೂ ಕಣ್ಣಿಗೂ ತಗುಲುವುದಾದರೆ, ಅಂತಹ ರಕ್ಷಣೆಯು ಹೊಸದೊಂದು ಅಪರಾಧ. ಕಲ್ಲಿನ ಮೇಲೆ ಶಾಸನವನ್ನು ಕೊರೆಯಿಸಿದವರು ಚತುಸ್ಸೀಮೆಯನ್ನು ಬರೆಯಿಸಿದುದು ದೌರ್ಬಲ್ಯದಿಂದಲ್ಲ. ನೆರೆಯವನ ಹೊಲಕ್ಕೂ ಒಡೆಯನುಂಟೆಂಬ ತಿಳಿವಿನಿಂದ.